ನೀಲಿ ಮಕ್ಕಳು ಮತ್ತು ನಮ್ಮ ಬಾಲ್ಟಿಮೋರ್



ಬಾಲ್ಟಿಮೋರ್ ಎಂದರೆ ನಮ್ಮ ಮಕ್ಕಳಿಗೆ ಬಂದರಿನ ಅಕ್ವೇರಿಯಂ, ನಮಗೆ ಟ್ರಾಫಿಕ್. ಆದರೆ ಹುಟ್ಟಿನಿಂದಲೇ ಹೃದಯದ ದೋಷವಿರುವ ಮಗುವನ್ನು ಸಾಕಿದವರು ಈ ಊರನ್ನು ಬೇರೆ ಕಾರಣಕ್ಕೆ ನೆನೆಯಬೇಕು.

ಅಂಥ ಮಕ್ಕಳನ್ನು ನಾವು ನಮ್ಮ ಊರುಗಳಲ್ಲಿ ಕಂಡಿದ್ದೇವೆ. ಅತ್ತರೆ ತುಟಿ, ಉಗುರು ನೀಲಿ. ನಾಲ್ಕು ಹೆಜ್ಜೆ ಓಡಿ ಕುಕ್ಕರಗಾಲಿನಲ್ಲಿ ಕೂತುಬಿಡುವುದು. (ಹಾಗೆ ಕೂತರೆ ಶ್ವಾಸಕೋಶಕ್ಕೆ ಸ್ವಲ್ಪ ಹೆಚ್ಚು ರಕ್ತ ಹೋಗುತ್ತದೆ, ಮಗುವಿಗೆ ಅದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ!) ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದವರೂ ಉಂಟು. ಫ್ರಾನ್ಸಿನ ಮಾರ್ಸೇ ನಗರದ ವೈದ್ಯ ಫ್ಯಾಲೊ 1888ರಲ್ಲಿ ಈ ಹೃದಯದ ನಾಲ್ಕು ದೋಷಗಳನ್ನು ವಿವರಿಸಿದರು. ಕಾಯಿಲೆಗೆ ಹೆಸರು ಸಿಕ್ಕಿತು, ಮದ್ದು ಸಿಗಲಿಲ್ಲ.

ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಮಕ್ಕಳ ಹೃದಯ ನೋಡುತ್ತಿದ್ದ ಡಾ. ಹೆಲೆನ್ ಟಾಸಿಗ್ ಅವರಿಗೆ ಕಿವಿ ಮಂದವಾಗಿತ್ತು. ಹೃದಯದ ಸದ್ದನ್ನು ಬೆರಳಿನಿಂದ ಮುಟ್ಟಿ ತಿಳಿಯುತ್ತಿದ್ದರು. ಹುಟ್ಟುವ ಮುಂಚೆ ಎಲ್ಲ ಮಕ್ಕಳಿಗೂ ಇರುವ ಒಂದು ಪುಟ್ಟ ರಕ್ತನಾಳ ಮುಚ್ಚಿಕೊಂಡ ಮೇಲೆಯೇ ಎಷ್ಟೋ ನೀಲಿ ಮಕ್ಕಳು ಕುಸಿಯುವುದನ್ನು ಅವರು ಗಮನಿಸಿದರು. 1938ರಲ್ಲಿ ಬಾಸ್ಟನ್‌ನ ರಾಬರ್ಟ್ ಗ್ರಾಸ್, ತೆರೆದೇ ಉಳಿದಿದ್ದ ಅಂಥ ನಾಳವನ್ನು ಕಟ್ಟಿ ಮುಚ್ಚಿದ್ದರು. ಮುಚ್ಚಲು ಬರುವುದಾದರೆ ಹೊಸದಾಗಿ ಕಟ್ಟಿಕೊಡಲು ಬಾರದೇ ಎಂದು ಟಾಸಿಗ್ ಅವರನ್ನೇ ಹೋಗಿ ಕೇಳಿದರು. ಗ್ರಾಸ್ ಆಸಕ್ತಿ ತೋರಲಿಲ್ಲ.

1941ರಲ್ಲಿ ಸರ್ಜನ್ ಆಲ್ಫ್ರೆಡ್ ಬ್ಲಾಲಾಕ್ ನ್ಯಾಶ್‌ವಿಲ್‌ನಿಂದ ಬಾಲ್ಟಿಮೋರ್‌ಗೆ ಬಂದರು. ಜೊತೆಗೆ ತಮ್ಮ ಪ್ರಯೋಗಾಲಯದ ಸಹಾಯಕ ವಿವಿಯನ್ ಥಾಮಸ್ ಅವರನ್ನೂ ಕರೆತಂದರು. ಥಾಮಸ್ ಬಡಗಿ ಕೆಲಸ ಕಲಿತ ಕಪ್ಪು ಜನಾಂಗದ ತರುಣ. ಕಾಲೇಜಿಗೆಂದು ಕೂಡಿಟ್ಟ ಹಣ ಬ್ಯಾಂಕು ಮುಳುಗಿದಾಗ ಹೋಗಿತ್ತು. ಮಾಡುತ್ತಿದ್ದುದು ಸಂಶೋಧನೆ, ನ್ಯಾಶ್‌ವಿಲ್‌ನಲ್ಲಿ ಅವರಿಗಿದ್ದ ದರ್ಜೆ ಕಸ ಗುಡಿಸುವವರದು. ನಮ್ಮ ದೇಶದಿಂದ ಬಂದವರಿಗೆ ಈ ಲೆಕ್ಕ ಹೊಸದೇನಲ್ಲ. ತೋಳಿಗೆ ಹೋಗುವ ರಕ್ತನಾಳವನ್ನು ತಿರುಗಿಸಿ ಶ್ವಾಸಕೋಶದ ನಾಳಕ್ಕೆ ಹೊಲಿಯುವುದನ್ನು ಅವರು ನಾಯಿಗಳ ಮೇಲೆ ಮತ್ತೆ ಮತ್ತೆ ಮಾಡಿ ಕರಗತ ಮಾಡಿಕೊಂಡರು. ಅಷ್ಟು ಸಣ್ಣ ಸೂಜಿ ಸಿಗದೆ, ಇದ್ದವನ್ನೇ ಕತ್ತರಿಸಿ ಮಸೆದುಕೊಂಡರು.

1944ರ ನವೆಂಬರ್ 29. ಐಲೀನ್ ಸ್ಯಾಕ್ಸನ್ ಎಂಬ ಹದಿನೈದು ತಿಂಗಳ ಹುಡುಗಿ. ತೂಕ ಬರೀ ಒಂಬತ್ತು ಪೌಂಡು. ಬ್ಲಾಲಾಕ್ ಹೊಲಿಗೆ ಹಾಕುತ್ತಿದ್ದರೆ, ಥಾಮಸ್ ಹಿಂದೆ ಮೆಟ್ಟಿಲುಪೀಠದ ಮೇಲೆ ನಿಂತು ಒಂದೊಂದನ್ನೂ ನೋಡಿ ಹೇಳುತ್ತಿದ್ದರು. ಮಗು ಚೇತರಿಸಿಕೊಂಡಿತು. ಆದರೆ ಕೆಲವು ತಿಂಗಳಲ್ಲಿ ಮತ್ತೆ ನೀಲಿಯಾಗಿ, ಎರಡನೆಯ ಶಸ್ತ್ರಚಿಕಿತ್ಸೆಯ ನಂತರ, ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡಿತು. ಯಾರಿಗೂ ಮಾಡಿರದ ಚಿಕಿತ್ಸೆಗೆ ಮಗಳನ್ನು ಒಪ್ಪಿಸಿದ ಆ ತಂದೆತಾಯಿಯ ಎದೆಗಾರಿಕೆಯ ಬಗ್ಗೆ ಪುಸ್ತಕಗಳಲ್ಲಿ ಬರೆದಿರುವುದು ಸಾಲದು ಎಂದು ನಮಗನ್ನಿಸುತ್ತದೆ. ಮೂರನೆಯ ರೋಗಿ ಆರು ವರ್ಷದ ಹುಡುಗ. ಮೇಜಿನ ಮೇಲೆಯೇ ತುಟಿ ಕೆಂಪಾಯಿತು. ಆಮೇಲೆ ಯೂರೋಪಿನಿಂದಲೂ ಮಕ್ಕಳು ಬರತೊಡಗಿದರು.

1945ರ ಮೇ ತಿಂಗಳಲ್ಲಿ ಅಚ್ಚಾದ ಲೇಖನದಲ್ಲಿ ಬ್ಲಾಲಾಕ್, ಟಾಸಿಗ್ ಇಬ್ಬರದೇ ಹೆಸರು. ಥಾಮಸ್ ಹಗಲು ಯುವ ಸರ್ಜನ್‌ಗಳಿಗೆ ಕೈಚಳಕ ಕಲಿಸಿ, ಖರ್ಚಿಗೆ ಸಾಲದೆ ಬ್ಲಾಲಾಕ್ ಮನೆಯ ಪಾರ್ಟಿಗಳಲ್ಲಿ ಪಾನೀಯ ಹಂಚುತ್ತಿದ್ದರು. ಹಾಪ್‌ಕಿನ್ಸ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು 1976ರಲ್ಲಿ. ಇತ್ತೀಚೆಗೆ ಅನೇಕ ವೈದ್ಯರು ಆ ಶಸ್ತ್ರಚಿಕಿತ್ಸೆಗೆ ಮೂವರ ಹೆಸರನ್ನೂ ಸೇರಿಸಿ ಹೇಳುತ್ತಾರೆ.

ಇದು ಹೃದಯವನ್ನು ಸರಿಪಡಿಸುವ ಚಿಕಿತ್ಸೆಯಲ್ಲ, ಕಾಲ ತಳ್ಳಿಕೊಡುವ ಉಪಾಯ. ಹೃದಯವನ್ನು ತೆರೆದು ಫ್ಯಾಲೊ ದೋಷವನ್ನು ರಿಪೇರಿ ಮಾಡಿದ್ದು 1954ರಲ್ಲಿ, ಮಿನ್ನೆಸೋಟದಲ್ಲಿ, ಲಿಲಿಹೈ ಎಂಬುವರು. ರಿಪೇರಿಯಾದವರಿಗೂ ದಶಕಗಳ ನಂತರ ಕವಾಟ ಸೋರಬಹುದು, ಬಡಿತ ತಪ್ಪಬಹುದು. ಆದ್ದರಿಂದ ಊರಿನಲ್ಲಿ ಚಿಕ್ಕಂದಿನಲ್ಲಿ ಆಪರೇಷನ್ ಆದ ಬಂಧುಗಳು ಹಳೆಯ ಕಾಗದಗಳನ್ನು ತರಿಸಿಟ್ಟುಕೊಂಡು, ಹುಟ್ಟು ಹೃದ್ರೋಗ ಬಲ್ಲ ವೈದ್ಯರಿಗೆ ಆಗಾಗ ತೋರಿಸಿಕೊಳ್ಳಬೇಕು. ಹಳೆಯ ರೀತಿಯ ಜೋಡಣೆಯಾಗಿದ್ದರೆ ಆ ಕಡೆಯ ತೋಳಿನಲ್ಲಿ ನಾಡಿ ಸಿಗದೇ ಇರಬಹುದು. ನರ್ಸ್ ಬಿ.ಪಿ. ನೋಡಲು ಬಂದಾಗ ಇನ್ನೊಂದು ತೋಳನ್ನು ಚಾಚಿರಿ.