ಬುದ್ಧಿ ಹೇಳುವವರ ಮೇಲಿನ ನಗು

ಮನೋರೋಗಿಯನ್ನು ತೋರಿಸಿ ನಗಿಸುವುದು ಇಂಟರ್ನೆಟ್ಟಿಗಿಂತ ಬಹಳ ಹಳೆಯ ಚಾಳಿ. ಅಮೆರಿಕದ ಕಾಮಿಕ್ಸ್ ಚರಿತ್ರೆಯಲ್ಲಿ ಗಮನಿಸಬೇಕಾದದ್ದು ಆ ನಗು ಕ್ರಮೇಣ ಯಾರ ಕಡೆ ತಿರುಗಿತು ಎಂಬುದು. 1955ರಲ್ಲಿ ಇ.ಸಿ. ಕಾಮಿಕ್ಸ್ ಸಂಸ್ಥೆ ತಂದ ‘ಸೈಕೊಅನಾಲಿಸಿಸ್’ ಪತ್ರಿಕೆಯಲ್ಲಿ ನಗುವೇ ಇರಲಿಲ್ಲ. ಹೆಸರಿಲ್ಲದ ಮನೋವೈದ್ಯನೇ ಅದರ ನಾಯಕ, ಅವನ ಮಾತೇ ವೇದವಾಕ್ಯ. ನಾಲ್ಕು ಸಂಚಿಕೆಗೇ ಅದು ನಿಂತುಹೋಯಿತು. 1959ರ ಮಾರ್ಚ್‌ನಲ್ಲಿ ಚಾರ್ಲ್ಸ್ ಶುಲ್ಜ್ ತಮ್ಮ ದಿನಪತ್ರಿಕೆ ಕಾಮಿಕ್ಸ್ ‘ಪೀನಟ್ಸ್’ನ ಪುಟ್ಟ ಹುಡುಗಿ ಲೂಸಿಗೆ ಒಂದು ಗೂಡಂಗಡಿ ಹಾಕಿಕೊಟ್ಟರು. ಆ ದೇಶದ ಮಕ್ಕಳು ಬೀದಿಬದಿ ನಿಂಬೆ ಪಾನಕ ಮಾರುವಂಥದೇ ಅಂಗಡಿ, ಆದರೆ ಬೋರ್ಡಿನ ಮೇಲೆ ಇದ್ದದ್ದು ಐದು ಸೆಂಟಿಗೆ ಮನೋಚಿಕಿತ್ಸೆ. ಅವಳ ಜೊತೆಗಾರ ಚಾರ್ಲಿ ಬ್ರೌನ್ ತನ್ನ ಖಿನ್ನತೆ ತೋಡಿಕೊಂಡರೆ, ಅದನ್ನೆಲ್ಲ ಬಿಟ್ಟುಬಿಡು ಎಂದಷ್ಟೇ ಹೇಳಿ ಅವಳು ಕಾಸಿಗೆ ಕೈಚಾಚುತ್ತಾಳೆ. ನಗೆಪಾಟಲಾದದ್ದು ರೋಗಿಯಲ್ಲ, ಸಲಹೆ.

ಆದರೆ ಶುಲ್ಜ್ ಇದನ್ನು ಮಕ್ಕಳ ಬಾಯಲ್ಲಿ ಆಡಿಸಿದರು. ಕಾಯಿಲೆ ತನ್ನದೇ ಎಂದು ಪುಟದ ಮೇಲೆ ನಿಂತವರು ಜಸ್ಟಿನ್ ಗ್ರೀನ್. 1954ರ ಕಾಮಿಕ್ಸ್ ಕೋಡ್ ಎಂಬ ನೀತಿಸಂಹಿತೆಗೆ ಸೊಪ್ಪು ಹಾಕದ ಭೂಗತ ಪ್ರಕಾಶನದಲ್ಲಿ, 1972ರಲ್ಲಿ, ಅವರ ‘ಬಿಂಕಿ ಬ್ರೌನ್’ ಬಂತು. ತನ್ನ ಮೈಯಿಂದ ಹೊರಟ ಅಶ್ಲೀಲ ಕಿರಣಗಳು ಮೇರಿಮಾತೆಯ ಪ್ರತಿಮೆಗೆ ತಾಕಿಬಿಡುತ್ತವೆ ಎಂಬ ಗೀಳಿನಲ್ಲಿ ನರಳುವ ಕ್ಯಾಥೊಲಿಕ್ ಹುಡುಗನ ಕತೆ ಅದು. ಅದಿಲ್ಲದಿದ್ದರೆ ತಮ್ಮ ಕಾಮಿಕ್ಸ್ ಕೃತಿ ‘ಮೌಸ್’ ಹುಟ್ಟುತ್ತಿರಲಿಲ್ಲ ಎಂದು ಆರ್ಟ್ ಸ್ಪೀಗಲ್‌ಮನ್ ಹೇಳಿದ್ದುಂಟು. ಗ್ರೀನ್ ನಕ್ಕದ್ದು ತನ್ನ ಮೇಲೆ, ತನ್ನನ್ನು ಬೆಳೆಸಿದ ಧರ್ಮದ ಮೇಲೆ.

ಶುಲ್ಜ್‌ರ ಗುರಿ, ಗ್ರೀನ್‌ರ ಎದೆಗಾರಿಕೆ ಎರಡೂ ಕೂಡಿಬಂದದ್ದು ಆಲಿ ಬ್ರೋಶ್‌ರಲ್ಲಿ ಎಂಬುದು ನನ್ನ ವಾದ. 2009ರಲ್ಲಿ ಶುರುವಾದ ಅವರ ಸಚಿತ್ರ ಬ್ಲಾಗ್ ‘ಹೈಪರ್ಬೊಲಿ ಆ್ಯಂಡ್ ಎ ಹಾಫ್’ನಲ್ಲಿ ಅವರದೇ ರೂಪವೆಂದರೆ ಗುಲಾಬಿ ಅಂಗಿ, ಉಬ್ಬುಗಣ್ಣು, ತಲೆಯ ಮೇಲೊಂದು ಹಳದಿ ತ್ರಿಕೋನ. 2011ರ ಅಕ್ಟೋಬರ್‌ನಲ್ಲಿ ಖಿನ್ನತೆಯ ಮೊದಲ ಕಂತು ಬಂತು, ಎರಡನೆಯದು 2013ರ ಮೇ ತಿಂಗಳಲ್ಲಿ. ಎರಡನೆಯದರಲ್ಲಿ ಸತ್ತ ಮೀನುಗಳ ಪ್ರಸಂಗವಿದೆ. ನನ್ನ ಮೀನುಗಳು ಸತ್ತಿವೆ ಎಂದು ಇವರು ಹೇಳಿದರೆ, ಎದುರಿನವರು ಉತ್ಸಾಹದಿಂದ ಹುಡುಕಿಕೊಡಲು ಬರುತ್ತಾರೆ. ಕಳೆದುಹೋಗಿಲ್ಲ, ಸತ್ತಿವೆ ಎಂದರೂ ಕೇಳುವವರಿಲ್ಲ. ಒಂದಲ್ಲ ಒಂದು ಪರಿಹಾರ ಬರುತ್ತಲೇ ಇರುತ್ತದೆ. ದಿನಪತ್ರಿಕೆಯ ನಾಲ್ಕು ಚೌಕದಲ್ಲಿ ಲೂಸಿ ಒಂದೇ ಏಟಿಗೆ ಮಾತು ಮುಗಿಸಬೇಕಿತ್ತು. ಕೆಳಕ್ಕೆ ಸರಿಸುತ್ತ ಹೋಗುವ ಪರದೆಗೆ ಆ ಗಡಿಯಿಲ್ಲ. ಅದೇ ಮಾತು, ಅದೇ ಪೆಚ್ಚುಮುಖ ಮತ್ತೆ ಮತ್ತೆ ಬಂದು, ಹಿತೈಷಿಗಳಿಂದ ಆಗುವ ಸುಸ್ತು ಓದುಗನಿಗೂ ಹತ್ತುತ್ತದೆ.

ಇಷ್ಟು ಒರಟು ಚಿತ್ರ ಕಲೆಯೇ ಎಂದು ಮೂಗು ಮುರಿಯುವವರಿದ್ದಾರೆ. ಮುಖ ಅಷ್ಟು ಸರಳವಾಗಿರುವುದರಿಂದಲೇ ಕಣ್ಣಿನ ಚುಕ್ಕಿ ತುಸು ಸರಿದರೂ ಅರ್ಥ ಬದಲಾಗುತ್ತದೆ. ನುರಿತ ಗೆರೆಯಲ್ಲಿ ಬರೆದಿದ್ದರೆ ಆ ಶೂನ್ಯ ಮುಖಕ್ಕೆ ಸುಮ್ಮನೆ ಒಂದು ಘನತೆ ಬಂದುಬಿಡುತ್ತಿತ್ತು. ಹೆಚ್ಚು ತೂಕದ ಆಕ್ಷೇಪ ಬೇರೆ: ತಮಾಷೆಯಿಂದ ಕಾಯಿಲೆ ಹಗುರವಾಗುವುದಿಲ್ಲವೇ? ಅಡುಗೆಮನೆಯ ನೆಲದ ಮೇಲೆ ಬಿದ್ದು ಅಳುತ್ತಿದ್ದಾಗ ಫ್ರಿಜ್ಜಿನಡಿ ಒಂದು ಒಣಗಿದ ಮೆಕ್ಕೆಜೋಳದ ಕಾಳು ಕಂಡು, ಬ್ರೋಶ್‌ಗೆ ತಡೆಯಲಾಗದಷ್ಟು ನಗು ಬರುತ್ತದೆ. ಆ ನಗುವಿಗೆ ಕಾರಣ ಕೇಳಿದರೆ ಅವರ ಬಳಿ ಉತ್ತರವಿಲ್ಲ. ಅದರಿಂದ ರೋಗ ವಾಸಿಯಾಯಿತೆಂದೂ ಅವರು ಬರೆಯುವುದಿಲ್ಲ. ಸಾಯಬೇಕೆನಿಸಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿರುವುದೂ ಅದೇ ಕಂತಿನಲ್ಲಿ. ಅವರ ಎರಡನೆಯ ಪುಸ್ತಕ 2020ರಲ್ಲಿ ಬಂದಾಗಲೂ ಅದರಲ್ಲಿ ಸಾವು, ಒಂಟಿತನ ತುಂಬಿದ್ದವು. ಹಗುರವಾದದ್ದು ಏನಾದರೂ ಇದ್ದರೆ ಅದು ಸಲಹೆಗಾರರ ಮಾತು.

ಇದಕ್ಕೆಲ್ಲ ವೆಬ್ಬೇ ಬೇಕಿತ್ತೇ, ಎಲೆನ್ ಫೋರ್ನಿ ತಮ್ಮ ಬೈಪೋಲಾರ್ ಕಾಯಿಲೆಯನ್ನು 2012ರ ‘ಮಾರ್ಬಲ್ಸ್’ನಲ್ಲಿ ಅಚ್ಚಿನಲ್ಲೇ ಬಿಡಿಸಲಿಲ್ಲವೇ ಎಂದು ಕೇಳಬಹುದು. ಒಪ್ಪುತ್ತೇನೆ, ಅದು ಸೊಗಸಾದ ಪುಸ್ತಕ. ಆದರೆ ಪುಸ್ತಕ ಕೈಗೆ ಬರುವಾಗ ಕತೆ ಒಂದು ದಡ ಸೇರಿರುತ್ತದೆ. ಬ್ರೋಶ್‌ರ ಎರಡು ಕಂತುಗಳ ನಡುವಿನ ಒಂದೂವರೆ ವರ್ಷ ಅವರ ಓದುಗರಿಗೆ ಮುಂದಿನ ಪುಟವೇ ಇರಲಿಲ್ಲ.