ಬಾಲಂಗೋಚಿ ಇಲ್ಲದ ಗಾಳಿಪಟ

ಆಷಾಢದ ಗಾಳಿ ಎದ್ದಿತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕಡೆ ಹುಡುಗರು ತೆಂಗಿನ ಗರಿಯ ಕಡ್ಡಿಗೆ ಹಳೆಯ ಕಾಗದ ಅಂಟಿಸಿ ಗಾಳಿಪಟ ಮಾಡುತ್ತಿದ್ದ ಕಾಲವೊಂದಿತ್ತು. ಪಟ ಹಾರಬೇಕಾದರೆ ಎರಡು ಸಂಗತಿ ಸರಿಯಿರಬೇಕು: ಎದೆಗೆ ಕಟ್ಟುವ ಸೂತ್ರ, ಕೆಳಗೆ ತೂಗುವ ಬಾಲಂಗೋಚಿ. ಸೂತ್ರ ತಪ್ಪಿದರೆ ಪಟ ಗಿರಕಿ ಹೊಡೆದು ನೆಲ ಕಚ್ಚುತ್ತದೆ. ಬಾಲಂಗೋಚಿ ಹಗುರವಾದರೆ ತಲೆ ಕೊಡವುತ್ತದೆ. ಈಗ ಅಂಥದೇ ತೋಟಗಳ ಮೇಲೆ ನಾಲ್ಕು ಫ್ಯಾನುಗಳ ಡ್ರೋನ್ ಗುಂಯ್ ಎನ್ನುತ್ತ ನಿಲ್ಲುತ್ತದೆ. ಅದಕ್ಕೆ ದಾರವೂ ಇಲ್ಲ, ಬಾಲವೂ ಇಲ್ಲ. ಅದನ್ನು ನೆಟ್ಟಗೆ ಹಿಡಿದಿರುವುದು ಯಾವುದು?

ಈ ಪ್ರಶ್ನೆಗೆ ನೂರು ವರ್ಷಕ್ಕೂ ಮಿಕ್ಕ ಇತಿಹಾಸವಿದೆ. 1907ರಲ್ಲಿ ಫ್ರಾನ್ಸಿನ ಲೂಯಿ ಬ್ರೆಗೆ ನಾಲ್ಕು ತೋಳುಗಳ ತುದಿಯಲ್ಲಿ ತಿರುಗುವ ರೆಕ್ಕೆಗಳನ್ನಿಟ್ಟು ಯಂತ್ರವೊಂದನ್ನು ಕಟ್ಟಿದ. ಅದು ಮನುಷ್ಯನನ್ನು ಹೊತ್ತು ನೆಲ ಬಿಟ್ಟದ್ದು ನಿಜ. ಆದರೆ ನಾಲ್ಕು ಮೂಲೆಗಳಲ್ಲಿ ನಾಲ್ವರು ನಿಂತು, ಚಪ್ಪರದ ಕಂಬ ಹಿಡಿದಂತೆ ಅದನ್ನು ಹಿಡಿದುಕೊಂಡಿರಬೇಕಾಯಿತು. ಎತ್ತುವ ಬಲ ಸಿಕ್ಕಿತ್ತು, ಸಮತೋಲದ ಬುದ್ಧಿ ಸಿಕ್ಕಿರಲಿಲ್ಲ.

ರಷ್ಯದ ಕ್ರಾಂತಿಯ ನಂತರ ಅಮೆರಿಕಕ್ಕೆ ವಲಸೆ ಹೋದ ಜಾರ್ಜ್ ಡಿ ಬೊಥೆಜಾಟ್, ಅಲ್ಲಿನ ಸೈನ್ಯಕ್ಕಾಗಿ 1922ರ ಡಿಸೆಂಬರಿನಲ್ಲಿ ಇನ್ನೊಂದು ನಾಲ್ಕು ರೆಕ್ಕೆಯ ಯಂತ್ರವನ್ನು ಹಾರಿಸಿದ. ಅದು ಕೆಲವೇ ಮೀಟರ್ ಎತ್ತರಕ್ಕೆ ಹಾರುತ್ತಿತ್ತು. ಚಾಲಕನಿಗಂತೂ ಕೈಕಾಲಿಗೆ ಬಿಡುವಿರಲಿಲ್ಲ. ಸೈನ್ಯ ಅದನ್ನು ಕೈಬಿಟ್ಟಿತು. ವಿಚಿತ್ರವೆಂದರೆ ಅದೇ 1922ರಲ್ಲಿ, ಅವನಂತೆಯೇ ವಲಸೆ ಬಂದ ನಿಕೊಲಾಸ್ ಮಿನೊರ್ಸ್ಕಿ ಹಡಗಿನ ಚುಕ್ಕಾಣಿಯ ಬಗ್ಗೆ ಲೇಖನವೊಂದನ್ನು ಪ್ರಕಟಿಸಿದ. ಅನುಭವಿ ಚುಕ್ಕಾಣಿಗಾರ ಹಡಗು ಈಗ ಎಷ್ಟು ಅಡ್ಡದಾರಿ ಹಿಡಿದಿದೆ ಎಂಬುದನ್ನಷ್ಟೇ ನೋಡುವುದಿಲ್ಲ; ಇದುವರೆಗೆ ಕೂಡಿಬಂದ ತಪ್ಪನ್ನೂ, ತಪ್ಪು ಯಾವ ವೇಗದಲ್ಲಿ ಬೆಳೆಯುತ್ತಿದೆ ಎಂಬುದನ್ನೂ ಮನಸ್ಸಿನಲ್ಲೇ ತೂಗುತ್ತಾನೆ. ತಲೆಯ ಮೇಲೆ ಕೊಡ ಹೊತ್ತು ಕೆರೆಯ ಏರಿಯ ಮೇಲೆ ನಡೆಯುವ ಹೆಂಗಸು ತನಗರಿವಿಲ್ಲದೆ ಮಾಡುವುದೂ ಇದನ್ನೇ. ಮಿನೊರ್ಸ್ಕಿ ಇದನ್ನು ಗಣಿತಕ್ಕೆ ತಂದ. ಡಿ ಬೊಥೆಜಾಟ್‌ನ ಯಂತ್ರಕ್ಕೆ ಬೇಕಾಗಿದ್ದುದು ಇದೇ ಸೂತ್ರ. ಆದರೆ ಆ ಲೆಕ್ಕವನ್ನು ಸೆಕೆಂಡಿಗೆ ನೂರಾರು ಸಲ ಮಾಡಬಲ್ಲ ಪುಟ್ಟ ಗಣಕ ಆಗ ಎಲ್ಲಿತ್ತು?

1939ರಲ್ಲಿ ಮತ್ತೊಬ್ಬ ರಷ್ಯನ್ ವಲಸಿಗ ಇಗೊರ್ ಸಿಕೋರ್ಸ್ಕಿ, ತಲೆಯ ಮೇಲೆ ಒಂದು ದೊಡ್ಡ ರೆಕ್ಕೆ, ಬಾಲದ ತುದಿಯಲ್ಲಿ ಒಂದು ಚಿಕ್ಕ ರೆಕ್ಕೆ ಇಟ್ಟು ಗೆದ್ದ. ಹೆಲಿಕಾಪ್ಟರಿಗೂ ಬಾಲಂಗೋಚಿ ಬಂತು ಎನ್ನೋಣ! 1992ರಲ್ಲಿ ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿದ ಎಚ್‌ಎಎಲ್‌ನ ಧ್ರುವ ಇದೇ ಮನೆತನದ್ದು. 2023ರ ಫೆಬ್ರುವರಿ 6ರಂದು ನೆರೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಕಾರ್ಖಾನೆಯ ಹಗುರ ಹೆಲಿಕಾಪ್ಟರು ಕೂಡ ಅದೇ.

ನಾಲ್ಕು ರೆಕ್ಕೆಯ ಯಂತ್ರಕ್ಕೆ ಮರುಜೀವ ಬಂದದ್ದು ಮೊಬೈಲ್ ಫೋನು, ಆಟಿಕೆಗಳ ದೆಸೆಯಿಂದ. ಫೋನನ್ನು ಅಡ್ಡ ಹಿಡಿದರೆ ಚಿತ್ರವೂ ತಿರುಗುತ್ತದಲ್ಲ, ಆ ವಾಲಿಕೆಯನ್ನು ಅಳೆಯುವ ಸಾಧನ ಹುಣಸೆಬೀಜಕ್ಕಿಂತ ಚಿಕ್ಕದಾಗಿ, ಅಗ್ಗವಾಗಿ ಸಿಗತೊಡಗಿತು. 2007ರಲ್ಲಿ ಅಮೆರಿಕದ ಪತ್ರಿಕಾ ಸಂಪಾದಕ ಕ್ರಿಸ್ ಆ್ಯಂಡರ್ಸನ್ ಮಕ್ಕಳ ಜೊತೆ ಲೆಗೊ ಆಟಿಕೆಯಿಂದ ಸ್ವಯಂಚಾಲಕವೊಂದನ್ನು ಜೋಡಿಸಿ, ಇಂಥ ಹವ್ಯಾಸಿಗಳನ್ನು ಒಂದುಗೂಡಿಸಿದ. ಮೆಕ್ಸಿಕೊ ಮೂಲದ ತರುಣ ಜೋರ್ಡಿ ಮುನ್ಯೋಸ್, ವಿಡಿಯೊ ಆಟದ ಕೈಹಿಡಿಯಿಂದ ಕಿತ್ತ ಸಂವೇದಕದಿಂದ ಹೆಲಿಕಾಪ್ಟರ್ ಹಾರಿಸಿ ಅವನ ಜೊತೆಗೂಡಿದ. ಇಲ್ಲಿಂದ ಬೆಳೆದದ್ದು ಆರ್ಡುಪೈಲಟ್ ಎಂಬ ಮುಕ್ತ ತಂತ್ರಾಂಶ. ಅದರ ಒಳಗುಟ್ಟನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಒಂದೇ ಕಟ್ಟಳೆ: ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಟ್ಟರೆ ತಿದ್ದುಪಡಿಯ ಗುಟ್ಟನ್ನೂ ಕೊಡಬೇಕು. ಬೀಜ ಹಂಚಿಕೊಳ್ಳುವ ರೈತನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಕಟ್ಟುವ ಕೆಲಸ ಅಷ್ಟೇನೂ ಕಷ್ಟದ್ದಲ್ಲ. ಒಂದು ಚೌಕಟ್ಟು, ನಾಲ್ಕು ಮೋಟಾರು, ಅವುಗಳ ವೇಗ ನಿಯಂತ್ರಿಸುವ ನಾಲ್ಕು ಸಾಧನ, ಬ್ಯಾಟರಿ, ಜಿಪಿಎಸ್, ಮಧ್ಯದಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಮಿದುಳು. ಎದುರುಬದುರು ಮೂಲೆಯ ಎರಡು ಫ್ಯಾನು ಬಲಕ್ಕೆ, ಉಳಿದೆರಡು ಎಡಕ್ಕೆ ತಿರುಗಬೇಕು. ಇಲ್ಲವಾದರೆ ಯಂತ್ರ ಬುಗುರಿಯಾಗುತ್ತದೆ. ಮಿದುಳು ಸೆಕೆಂಡಿಗೆ 400 ಬಾರಿ ವಾಲಿಕೆಯನ್ನು ಓದಿ, ಮಿನೊರ್ಸ್ಕಿಯ ಲೆಕ್ಕ ಹಾಕಿ, ಯಾವ ಮೋಟಾರು ಎಷ್ಟು ಓಡಬೇಕೆಂದು ಹೇಳುತ್ತಿರುತ್ತದೆ. 2022ರ ಫೆಬ್ರುವರಿಯಲ್ಲಿ ಸರ್ಕಾರ ಸಿದ್ಧ ಡ್ರೋನ್‌ಗಳ ಆಮದನ್ನು ನಿಷೇಧಿಸಿದರೂ ಬಿಡಿಭಾಗಗಳಿಗೆ ಅವಕಾಶ ಉಳಿಸಿತು. 2021ರ ಡ್ರೋನ್ ನಿಯಮಗಳು 250 ಗ್ರಾಂ ಮೀರಿದ ಯಂತ್ರಕ್ಕೆ ನೋಂದಣಿ ಕಡ್ಡಾಯ ಮಾಡಿದವು. ಹಾರಿಸುವ ಮುನ್ನ ಹಸಿರು, ಹಳದಿ, ಕೆಂಪು ವಲಯಗಳ ಸರ್ಕಾರಿ ನಕ್ಷೆ ನೋಡಬೇಕು.

ಕಷ್ಟವಿರುವುದು ತೋಟದಲ್ಲಿ. ತುರುವೇಕೆರೆಯ ಬಳಿ ನನ್ನ ನೆಂಟರ ಹುಡುಗನೊಬ್ಬ ಇಂಥದೊಂದನ್ನು ಕಟ್ಟಿ, ತೆಂಗಿನ ಸಾಲುಗಳ ನಡುವೆ ಹಾರಿಸುತ್ತಿದ್ದ. ಬ್ಯಾಟರಿ ಇಳಿದಾಗ ಯಂತ್ರ ತಾನಾಗಿ ಹೊರಟ ಜಾಗಕ್ಕೆ ಮರಳುತ್ತದೆ. ಹಾಗೆ ಮರಳುವಾಗ, ಕೆಳಗಿದ್ದರೆ, ಮೊದಲು 15 ಮೀಟರ್ ಎತ್ತರಕ್ಕೇರಿ ಆಮೇಲೆ ನೇರ ಬರಬೇಕೆಂದು ಆರ್ಡುಪೈಲಟ್‌ನಲ್ಲಿ ಮೊದಲೇ ಬರೆದಿಟ್ಟಿರುತ್ತದೆ. ಬಯಲಿಗೆ ಅದು ಸಾಕು. ಅಜ್ಜನ ಕಾಲದ ಮರಗಳು 60 ಅಡಿ ದಾಟಿ ನಿಂತಿರುವ ತೋಟದಲ್ಲಿ 15 ಮೀಟರ್ ಎಂದರೆ ಸರಿಯಾಗಿ ಗರಿಗಳ ಮಟ್ಟ. ಯಂತ್ರ ನೇರ ಬಂದು ಗೊನೆಗಳ ನಡುವೆ ಸಿಕ್ಕಿಕೊಂಡಿತು.

ಹುಡುಗ ಡ್ರೋನ್ ಕಟ್ಟಿದ್ದೇ ಮರ ಹತ್ತುವವರು ಸಿಗುವುದಿಲ್ಲವೆಂದು. ಸುಳಿ ಕೊಳೆಯಂಥ ರೋಗ ಶುರುವಾಗುವುದು ತುದಿಯಲ್ಲಿ. ಕೆಳಗೆ ನಿಂತವನಿಗೆ ಅದು ಗೊತ್ತಾಗುವ ಹೊತ್ತಿಗೆ ಮರ ಕೈತಪ್ಪಿರುತ್ತದೆ. ಒಂದು ಮರ ಹೋಯಿತೆಂದರೆ ಮತ್ತೆ ಅಷ್ಟೇ ಕೊಬ್ಬರಿ ಕಾಣಲು ವರ್ಷಗಟ್ಟಲೆ ಕಾಯಬೇಕು. ಎರಡು ದಿನ ಅಲೆದು ಪಕ್ಕದ ಹಳ್ಳಿಯಿಂದ ಕಾಯಿ ಕೀಳುವವರೊಬ್ಬರನ್ನು ಕರೆತಂದೆವು. ಅವರು ಹತ್ತಿ, ಡ್ರೋನನ್ನು ಪಂಚೆಯಲ್ಲಿ ಕಟ್ಟಿಕೊಂಡು ಇಳಿದು, ಬೆವರು ಒರೆಸಿಕೊಳ್ಳುತ್ತ ಹೇಳಿದರು: "ಇದಿರ್ಲಿ ಸ್ವಾಮಿ, ಆ ಮೂಲೆ ಮರದ ಸುಳಿ ಬಾಡ್ತಾ ಐತೆ, ಮೊದ್ಲು ಅದನ್ನ ನೋಡ್ಕಳಿ."

ಹುಡುಗ ಹಿಂದಿನ ದಿನಗಳ ಚಿತ್ರಗಳನ್ನು ತೆರೆದು ನೋಡಿದ. ಆ ಮರದ ಬಾಡಿದ ಸುಳಿ ಮೂರು ಚಿತ್ರಗಳಲ್ಲಿ ಸ್ಪಷ್ಟವಾಗಿತ್ತು. ನಾವು ಯಾರೂ ಗಮನಿಸಿರಲಿಲ್ಲ. ಆ ಸಂಜೆಯೇ ಅವನು 15 ಎಂಬಲ್ಲಿ 30 ಎಂದು ಬರೆದ. ಮರ ಹತ್ತಿದವರ ಫೋನ್ ನಂಬರನ್ನೂ ಬರೆದುಕೊಂಡ.