ಅಮರನ ವರ್ಗಗಳೂ ನಮ್ಮ ಗಡಿಸೀಮೆಯ ಮಾತುಗಳೂ

ಮಾತುಗಳನ್ನು ಯಾವ ಕ್ರಮದಲ್ಲಿ ಜೋಡಿಸಿಡಬೇಕು ಎಂಬುದು ಕೋಶಕಾರರ ಪ್ರಶ್ನೆ. ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಸೀಮೆಯ ಕನ್ನಡದ ಮಟ್ಟಿಗೆ ಅದು ಉಳಿವಿನ ಪ್ರಶ್ನೆಯೂ ಹೌದೆಂದು ಈ ಕಿರುಪ್ರಬಂಧದಲ್ಲಿ ನಿವೇದಿಸುತ್ತೇನೆ.

ನಾನು ಬಾಲ್ಯದಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದವನು. ಅದರಲ್ಲಿ ಸುಮಾರು 1500 ಶ್ಲೋಕ, 3 ಕಾಂಡ, 25 ವರ್ಗಗಳಿವೆ, ಅಕಾರಾದಿ ಕ್ರಮವಿಲ್ಲ. ಸ್ವರ್ಗವರ್ಗದಲ್ಲಿ ವಿಷ್ಣುವಿನ ಹೆಸರುಗಳಾದ ಮೇಲೆ ತಂದೆ ವಸುದೇವ, ಅಣ್ಣ ಬಲರಾಮ, ಮಡದಿ ಲಕ್ಷ್ಮಿ, ಬಳಿಕ ಶಂಖ, ಚಕ್ರ, ಗದೆ, ಕೊನೆಗೆ ವಾಹನ ಗರುಡ ಬರುತ್ತಾರೆ. ಇದು ಬರೀ ಪಟ್ಟಿ ಅಲ್ಲ, ಸಂಬಂಧಗಳ ಹೆಣಿಗೆ. ಗರುಡ ಜಾತಿಯಿಂದ ಪಕ್ಷಿ, ಸಂಬಂಧದಿಂದ ವಿಷ್ಣುವಿನ ವಾಹನ. ಒಂದೇ ಮಾತು ಎರಡು ದಿಕ್ಕಿಗೆ ಕೈ ಚಾಚಿದಾಗ ಒಂದೇ ಸಾಲಿನಲ್ಲಿ ಅದನ್ನು ಕೂಡಿಸುವುದು ಹೇಗೆ?

ಕನ್ನಡದಲ್ಲಿ ನಾಗವರ್ಮನ ಅಭಿಧಾನವಸ್ತುಕೋಶ, 1398ರ ಮಂಗರಾಜನ ಅಭಿನವಾಭಿಧಾನ ಈ ಪರಂಪರೆಯವು. 1894ರ ಕಿಟ್ಟೆಲ್ ಕೋಶ ಅಕಾರಾದಿಯದು. ಹುಡುಕುವುದು ಸುಲಭವಾಯಿತು, ಖರೆ. ಆದರೆ ನೆರೆಹೊರೆಯ ಮಾತುಗಳು ಚದುರಿಹೋದವು. ಹೈದರಾಬಾದ್ ವಿಶ್ವವಿದ್ಯಾಲಯದ ಶಿವಜಾ ನಾಯರ್ ಮತ್ತು ಅಂಬಾ ಕುಲಕರ್ಣಿ ಅವರು 2010ರಲ್ಲಿ ಅಮರನ ಹೆಣಿಗೆಯನ್ನು ಗಣಕಕ್ಕೆ ತಿಳಿಯುವಂತೆ ಬಿಡಿಸಿ ತೋರಿಸಿದರು: ಅವಯವ-ಅವಯವಿ, ಪರಾಪರಜಾತಿ, ಜನ್ಯ-ಜನಕ, ಸ್ವ-ಸ್ವಾಮಿ ಇತ್ಯಾದಿ. ಅದಕ್ಕೂ ಮುಂಚೆ, 1991ರಲ್ಲಿ, ಅಮೆರಿಕದ ಝೆರಾಕ್ಸ್ ಸಂಸ್ಥೆಯ ಸಂಶೋಧಕರು ಇಂಥ ಶ್ರೇಣಿಗಳನ್ನು ಪರದೆಯ ಮೇಲೆ ತಿರುಗುವ ಶಂಕುಗಳಾಗಿ, ಉದ್ದ ಅಗಲ ಆಳ ಮೂರೂ ಕಾಣುವಂತೆ ಚಿತ್ರಿಸಿದ್ದರು.

ಇನ್ನು ನಮ್ಮ ಸೀಮೆಗೆ ಬರೋಣ. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು. 1956ರ ನವೆಂಬರ್ 1ರಂದು ಕಲಬುರ್ಗಿಯ ತಾಂಡೂರು, ಬೀದರಿನ ನಾರಾಯಣಖೇಡ್, ಜಹೀರಾಬಾದಿನ ಬಹುಭಾಗ ಆಂಧ್ರಪ್ರದೇಶಕ್ಕೆ ಸೇರಿದವು. ಕಚೇರಿಗೂ ಶಾಲೆಗೂ ತೆಲುಗು ಬಂತು. ನಾರಾಯಣಖೇಡ್ ಇದ್ದಲ್ಲೇ ಇತ್ತು. ಜಿಲ್ಲೆ ಮಾತ್ರ ಬೀದರ ಹೋಗಿ ಮೆದಕ್ ಆಯಿತು, 2016ರಲ್ಲಿ ಸಂಗಾರೆಡ್ಡಿ ಆಯಿತು.

ಈಗ ಜ್ವಾಳ ಎಂಬ ಒಂದು ಮಾತು ತೆಗೆದುಕೊಳ್ಳಿ. ಜಾತಿಯಿಂದ ಅದು ಧಾನ್ಯ, ಇದು ಎತ್ತರ. ತೆನಿ, ಕಣಿಕಿ ಅದರ ಅವಯವ, ರೊಟ್ಟಿ, ನುಚ್ಚು, ಅಂಬಲಿ ಅದರಿಂದ ಹುಟ್ಟಿದ್ದು, ಕಾಳು ತುಂಬಿಡುವ ನೆಲದ ಗುಂಡಿ ಹಗೇವು, ಇದು ಅಗಲ. ಅದನ್ನೇ ತೆಲುಗಿನವರು ಜೊನ್ನ ಎನ್ನುತ್ತಾರೆ, ಉರ್ದುವಿನವರು ಜವಾರ್; ಅಜ್ಜ, ಮಗ, ಮೊಮ್ಮಗ ಯಾವ ಮಾತು ಯಾವಾಗ ಹಿಡಿದರು ಎಂಬುದು ಆಳ. ಅಕಾರಾದಿಯಲ್ಲಿ ಕಣಿಕಿ 'ಕ'ದಲ್ಲಿ, ಹಗೇವು 'ಹ'ದಲ್ಲಿ. ಒಂದು ಹೋದರೆ ಇನ್ನೊಂದಕ್ಕೆ ಸುದ್ದಿಯೇ ಇಲ್ಲ.

ಜಹೀರಾಬಾದಿನ ಹತ್ತಿರದ ಹಳ್ಳಿಯ ಒಂದು ಮನೆಯಲ್ಲಿ ಹುಡುಗನೊಬ್ಬ ಕೇಳಿದ: “ಮುತ್ಯಾ, ಹಗೇವ್ ಅಂದ್ರ ಏನ್ರಿ?” ಜ್ವಾಳ ಗೊತ್ತೇನಪಾ ಎಂದರೆ, “ಜೊನ್ನಲು ಅಲ್ಲೇನ್ರಿ!” ಎಂದ. ಹೆಸರು ಬದಲಾಗಿದ್ದಕ್ಕೆ ನನಗೆ ವ್ಯಸನವಿಲ್ಲ. ಗಡಿಯಲ್ಲಿ ಮಾತು ಮಾತಿನೊಡನೆ ಬೆರೆಯುವುದು ಧರ್ಮವೇ. ಆದರೆ ಅವನಿಗೆ ಹಗೇವಿನ ಹೆಸರು ಯಾವ ಭಾಷೆಯಲ್ಲೂ ಇರಲಿಲ್ಲ. ಇದು ಭಾಷಾಂತರವಲ್ಲ, ಲೋಪ.

ಎರಡೂ ಹೊರಗಿಂದ ನೋಡಿದರೆ ಒಂದೇ ತರಹ ಕಾಣುತ್ತವೆ. ಮಾತುಗಳು ಅಕ್ಷರಕ್ರಮದಲ್ಲಿ ಸಾಯುವುದಿಲ್ಲ, ವರ್ಗವರ್ಗವಾಗಿ ಸಾಯುತ್ತವೆ. ಹಗೇವು ಮುಚ್ಚಿದರೆ ಅದರ ಸುತ್ತಿನ ಮಾತುಗಳೂ ಸಡಿಲಾಗುತ್ತವೆ. ಆದ್ದರಿಂದ ಈ ಮೂರು ತಾಲೂಕಿನ ಪದಸಂಗ್ರಹ ಮಾಡುವ ತರುಣರಲ್ಲಿ ನನ್ನ ಬಿನ್ನಹ ಇಷ್ಟೆ: ಅಕಾರಾದಿ ಸೂಚಿ ಕೊನೆಗೆ ಇರಲಿ. ಮೊದಲು ಹೊಲ, ಅಡಿಗೆಮನೆ, ಬೀಗತನ, ಕಚೇರಿ ಎಂದು ವರ್ಗ ಮಾಡಿ. ಪ್ರತಿ ಮಾತಿಗೂ ಜಾತಿ, ಸಂಬಂಧ, ಯಾವ ತಲೆಮಾರಿನವರು ಆಡುತ್ತಾರೆ ಎಂಬ ಮೂರನ್ನೂ ಬರೆದಿಡಿ. ಆಗ ತೂತು ಎಲ್ಲಿ ಬಿದ್ದದೆ ಎಂಬುದು ತಾನೇ ಕಾಣುತ್ತದೆ. ಹೇಳಬಲ್ಲ ಹಿರಿಯರು ಇನ್ನೂ ಕೆಲವರಿದ್ದಾರೆ. ಅವರಿರುವಾಗಲೇ ಕೇಳಿಕೊಳ್ಳುವುದು ಒಳ್ಳೆಯದು.